ಒಂದು ಮನೆ, ಐದು ವರ್ಷದ ಕಂದಾಯ: ಬೆಂಗಳೂರಿನ ಒಂದು ಮರುಪರಿಶೀಲನೆಯ ಪ್ರಕರಣ

ಮನೆ ನಮ್ಮ ಚಿಕ್ಕಪ್ಪನದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಳಗಡೆ ಒಂದು ಬಡಾವಣೆ, 30×40 ಸೈಟು, 2005ರಲ್ಲಿ ಕಟ್ಟಿದ ಎರಡು ಮನೆ. ಕೆಳಗೆ ಚಿಕ್ಕಪ್ಪ ಚಿಕ್ಕಮ್ಮ ಇದ್ದಾರೆ, ಮೇಲೆ ಬಾಡಿಗೆಯವರು. ತಾರಸಿ ಮೇಲೆ ಬಟ್ಟೆ ಒಣಗಿಸೋಕೆ, ಹಳೇ ಸಾಮಾನು ಇಡೋಕೆ ಅಂತ ಒಂದು ಶೀಟಿನ ಕೋಣೆ. ಬೆಂಗಳೂರಲ್ಲಿ ಯಾವ ಬೀದಿಗೆ ಹೋದರೂ ಇಂಥ ಮನೆ ಸಿಗುತ್ತೆ. ಅದಕ್ಕೇ ಇವರ ಕಥೆ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಚಿಕ್ಕಪ್ಪ ತೆರಿಗೆ ಕಳ್ಳರಲ್ಲ. ಪ್ರತಿ ವರ್ಷ ಏಪ್ರಿಲ್ ಮೊದಲ ವಾರದಲ್ಲೇ ಕಂದಾಯ ಕಟ್ಟಿ, ಶೇ 5ರ ರಿಯಾಯಿತಿ ತಗೊಂಡು, ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಡುವ ಮನುಷ್ಯ. 2008ರಿಂದ ಒಂದು ರಸೀದಿಯೂ ಕಳೆದಿಲ್ಲ. ಆದರೂ 2023ರಲ್ಲಿ ನೋಟಿಸ್ ಬಂತು. ಐದು ವರ್ಷದ ವ್ಯತ್ಯಾಸ, ಅದರ ಎರಡು ಪಟ್ಟು ದಂಡ, ಮೇಲೆ ಬಡ್ಡಿ.

ಇದು ಹೇಗೆ ಆಯ್ತು ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು. ಮೊದಲು ಬೆಂಗಳೂರಲ್ಲಿ ಕಂದಾಯ ನಿಗದಿ ಮಾಡುತ್ತಿದ್ದವರು ಅಧಿಕಾರಿಗಳು. ಮನೆಗೆ ಬಂದು, ಬಾಡಿಗೆಗೆ ಕೊಟ್ಟರೆ ಎಷ್ಟು ಬರುತ್ತೆ ಅಂತ ಅಂದಾಜು ಮಾಡಿ, ಆ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ತೆರಿಗೆ ಹಾಕುತ್ತಿದ್ದರು. ಅಂದಾಜು ಯಾರ ಕೈಯಲ್ಲಿ ಇರುತ್ತೋ ಚೌಕಾಸಿಯೂ ಅವರ ಕೈಯಲ್ಲೇ. 2000ದಲ್ಲಿ ಬೇಕಾದವರು ತಾವೇ ಲೆಕ್ಕ ಹಾಕಿ ಕಟ್ಟಬಹುದು ಅನ್ನುವ ಸ್ವಯಂ ಘೋಷಣೆ ಪದ್ಧತಿ ಬಂತು. 2007ರಲ್ಲಿ ಸುತ್ತಲಿನ ನಗರಸಭೆಗಳು, ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯ್ತು. 2008ರ ಏಪ್ರಿಲ್‌ನಿಂದ ಇಡೀ ಊರಿಗೆ ಒಂದೇ ಲೆಕ್ಕ: ಚದರಡಿಗೆ ಇಂತಿಷ್ಟು.

ಆ ಚದರಡಿ ದರ ಮೂರು ವಿಷಯದ ಮೇಲೆ ನಿಂತಿದೆ. ಬೀದಿ ಯಾವ ವಲಯದಲ್ಲಿದೆ (ಎ ಇಂದ ಎಫ್‌ವರೆಗೆ ಆರು ವಲಯ, ನೋಂದಣಿ ಇಲಾಖೆಯ ಮಾರ್ಗಸೂಚಿ ದರ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಬೆಲೆ, ನೋಡಿ ಮಾಡಿದ್ದು), ಕಟ್ಟಡ ಎಂಥದ್ದು, ಮತ್ತು ಅಲ್ಲಿ ಮಾಲೀಕ ಇದ್ದಾನೋ ಬಾಡಿಗೆದಾರ ಇದ್ದಾನೋ. ಜನ ಮರೆಯುವುದು ಈ ಮೂರನೆಯದನ್ನೇ. ಆರ್‌ಸಿಸಿ (ಕಾಂಕ್ರೀಟ್ ತಾರಸಿಯ) ಮನೆಗೆ ಡಿ ವಲಯದಲ್ಲಿ 2008ರ ದರ ತಿಂಗಳಿಗೆ ಚದರಡಿಗೆ ಸ್ವಂತ ವಾಸಕ್ಕೆ 1 ರೂಪಾಯಿ 60 ಪೈಸೆ, ಬಾಡಿಗೆಗೆ 3 ರೂಪಾಯಿ 20 ಪೈಸೆ. ಸರಿಯಾಗಿ ಡಬಲ್. ಅಂಗಡಿ, ಆಫೀಸು ಇದ್ದರೆ ದರದ ಪಟ್ಟಿಯೇ ಬೇರೆ, ಇನ್ನೂ ದುಬಾರಿ. 2016ರಲ್ಲಿ ವಾಸದ ಮನೆಗೆ ಶೇ 20, ವಾಣಿಜ್ಯ ಕಟ್ಟಡಕ್ಕೆ ಶೇ 25 ಏರಿಸಿದರು.

ಈಗ ಚಿಕ್ಕಪ್ಪ ಏನು ಘೋಷಣೆ ಮಾಡಿದ್ದರು ನೋಡಿ. 2008ರಲ್ಲಿ ಫಾರಂ ತುಂಬುವಾಗ ಬ್ಯಾಂಕ್ ಸಾಲದ ಕಡತದಲ್ಲಿದ್ದ ಅಳತೆ ನೋಡಿಕೊಂಡರು. ಅದರಲ್ಲಿ ಇದ್ದದ್ದು ಕಾರ್ಪೆಟ್ ಏರಿಯಾ, ಅಂದರೆ ಗೋಡೆ ಬಿಟ್ಟು ಒಳಗಿನ ನೆಲ. ಕೆಳಗೆ 700 ಚದರಡಿ, ಮೇಲೆ 700. ಆಗ ಮೇಲೆ ಮಗ ಇದ್ದ. ಹಾಗಾಗಿ ಒಟ್ಟು 1,400 ಚದರಡಿ, ಪೂರ್ತಿ ಸ್ವಂತ ವಾಸ. ಮುಂದಿನ ವರ್ಷದಿಂದ ಫಾರಂ 4. ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಏನೂ ಬದಲಾವಣೆ ಇಲ್ಲ ಅನ್ನುವವರಿಗೆ ಇರುವ ಫಾರಂ ಅದು. ಬದಲಾವಣೆ ಇದ್ದರೆ ಫಾರಂ 5. ಆನ್‌ಲೈನ್ ಬಂದ ಮೇಲಂತೂ ಅರ್ಜಿ ಸಂಖ್ಯೆ ಹಾಕು, ಹೆಸರು ಬಂತಾ, ಮೊತ್ತ ಬಂತಾ, ಕಟ್ಟು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಲ್ಲಿ 'ಬದಲಾವಣೆ ಇಲ್ಲ' ಅಂತ ಸಹಿ ಹಾಕಿದ ಹಾಗೆ ಆಗುತ್ತೆ ಅನ್ನುವುದು ಯಾರ ತಲೆಗೂ ಹೋಗಲ್ಲ.

ಮಗ ಕೆಲಸದ ಮೇಲೆ ಪುಣೆಗೆ ಹೋದ. ಮೇಲಿನ ಮನೆಗೆ ಬಾಡಿಗೆಯವರು ಬಂದರು. ಲಾಕ್‌ಡೌನ್‌ಗೆ ಒಂದು ವಾರ ಮುಂಚೆ ಸಾಮಾನು ತಂದು ಹಾಕಿದ್ದರು, ಕರಾರು 2020ರ ಏಪ್ರಿಲ್ 1ರಿಂದ. ಫಾರಂ ಮಾತ್ರ ನಾಲ್ಕೇ.

ರಸೀದಿ ಬಂತು ಅಂದರೆ ಲೆಕ್ಕ ಒಪ್ಪಿಕೊಂಡರು ಅಂತ ಅಲ್ಲ. ಎಲ್ಲರ ಘೋಷಣೆಯನ್ನೂ ಸದ್ಯಕ್ಕೆ ನಂಬಿ ದುಡ್ಡು ತಗೊಳ್ಳುತ್ತಾರೆ, ಆಮೇಲೆ ಕೆಲವನ್ನು ಆರಿಸಿ ಪರಿಶೀಲನೆ ಮಾಡುತ್ತಾರೆ. ಮನೆಗೆ ಬಂದು ಅಳೆಯುವ ಅಧಿಕಾರವೂ ಕಾನೂನಿನಲ್ಲಿದೆ. ವಾಣಿಜ್ಯ ಬಳಕೆ ಹಿಡಿಯೋಕೆ ಬೆಸ್ಕಾಂನ (ವಿದ್ಯುತ್ ಕಂಪನಿಯ) ಮೀಟರ್ ವಿವರದ ಜತೆ ತಾಳೆ ನೋಡುವುದೂ ಉಂಟು. 2021ರಲ್ಲಂತೂ ತಪ್ಪು ವಲಯ ಹಾಕಿಕೊಂಡು ಕಟ್ಟಿದ್ದೀರಿ ಅಂತ ಸುಮಾರು 78 ಸಾವಿರ ಮಾಲೀಕರಿಗೆ ಒಟ್ಟಿಗೇ ನೋಟಿಸ್ ಹೋಯಿತು. 2016ರಲ್ಲಿ ವಲಯ ಬದಲಾಗಿತ್ತು, ಇವರು ಹಳೇ ವಲಯದಲ್ಲೇ ಕಟ್ಟಿದ್ದರು. ಹಳೇ ವಲಯವನ್ನು ಕಂಪ್ಯೂಟರೇ ಒಪ್ಪಿಕೊಂಡಿತ್ತಲ್ಲ, ಈಗ ದಂಡ ಯಾಕೆ ಅಂತ ಆಗ ದೊಡ್ಡ ಗಲಾಟೆಯೇ ಆಯ್ತು. ನನ್ನ ಕೇಳಿದರೆ ಜನರ ಪ್ರಶ್ನೆ ನ್ಯಾಯವಾಗೇ ಇತ್ತು. ಚಿಕ್ಕಪ್ಪನ ಬೀದಿ ಮೊದಲೂ ಡಿ, ಆಮೇಲೂ ಡಿ. ಆ ತಲೆನೋವು ಇವರಿಗೆ ಇರಲಿಲ್ಲ.

ಸ್ಥಳ ಪರಿಶೀಲನೆಗೆ ಬಂದದ್ದು ಇಬ್ಬರು. ಕಂದಾಯ ನಿರೀಕ್ಷಕಿ ಒಬ್ಬರು, ಚಿಕ್ಕ ವಯಸ್ಸು. ಜತೆಗೆ ಟೇಪ್ ಹಿಡಿಯೋಕೆ ಒಬ್ಬ ಹುಡುಗ. ಚಿಕ್ಕಮ್ಮ ಕಾಫಿ ಕೊಟ್ಟರು. ಚಿಕ್ಕಪ್ಪ ಗುರುತಿನ ಚೀಟಿ ಕೇಳಿ ನೋಡಿದರು, ಅವರೂ ಬೇಜಾರು ಮಾಡಿಕೊಳ್ಳದೆ ತೋರಿಸಿದರು. ಹುಡುಗ ಟೇಪಿನ ತುದಿಯನ್ನು ಹೊರಗಿನ ಗೋಡೆಯ ಮೂಲೆಗೆ ಒತ್ತಿ ಹಿಡಿದ ತಕ್ಷಣ ತಕರಾರು ಶುರು.

"ಒಳಗಿಂದ ಅಳೀಬೇಕಮ್ಮ, ಗೋಡೆ ಮೇಲೆ ಯಾರು ಮಲಗ್ತಾರೆ?"

"ಸಾರ್, ಕಟ್ಟಿರೋ ಜಾಗ ಪೂರ್ತಿ ಲೆಕ್ಕಕ್ಕೆ ಬರುತ್ತೆ. ಗೋಡೆನೂ ಬರುತ್ತೆ, ಬಾಲ್ಕನಿನೂ ಬರುತ್ತೆ."

ಅವರು ಹೇಳಿದ್ದೇ ಸರಿ. ಈ ಪದ್ಧತಿಯಲ್ಲಿ ತೆರಿಗೆ ಹಾಕುವುದು ಕಟ್ಟಿದ ವಿಸ್ತೀರ್ಣದ ಮೇಲೆ, ಕಾರ್ಪೆಟ್ ಏರಿಯಾ ಮೇಲಲ್ಲ. ಬಾಲ್ಕನಿಗೆ ಮೇಲೆ ಮುಚ್ಚಿಗೆ ಇರಲಿ ಬಿಡಲಿ, ಸೇರುತ್ತೆ. ಒಂಬತ್ತಿಂಚಿನ ಗೋಡೆ ನಾಲ್ಕೂ ಕಡೆ ತಿನ್ನುವ ಜಾಗ ಕಮ್ಮಿ ಏನಲ್ಲ. ಮುಂದಿನ ಪೋರ್ಟಿಕೋ ಸೇರಿ ಕೆಳಗಿನ ಮನೆ 820 ಚದರಡಿ ಬಂತು, ಬಾಲ್ಕನಿ ಸೇರಿ ಮೇಲಿನದು 860. ಶೀಟಿನ ಕೋಣೆ 140.

ಮೆಟ್ಟಿಲ ಕೆಳಗೆ ಎರಡು ಕರೆಂಟ್ ಮೀಟರ್ ಇದ್ದವು. ನಿರೀಕ್ಷಕಿ ಎರಡರ ಆರ್‌ಆರ್ ನಂಬರನ್ನೂ (ವಿದ್ಯುತ್ ಸಂಪರ್ಕದ ಸಂಖ್ಯೆ) ಬರೆದುಕೊಂಡರು. ಆಮೇಲೆ ಕೇಳಿದರು, "ಮೇಲೆ ಯಾರಿದ್ದಾರೆ ಸಾರ್?"

"ಬಾಡಿಗೆಯವರು."

"ಎಷ್ಟು ವರ್ಷದಿಂದ?"

"ಅಯ್ಯೋ, ಬಹಳ ದಿನ ಆಯ್ತಮ್ಮ."

ಸುಮ್ನೆ ಬಾಯಿಗೆ ಬಂದ ಮಾತು. ಹಾಳೆಯಲ್ಲಿ ಅದು 'ಮೊದಲ ಮಹಡಿ, ಬಾಡಿಗೆ, ಹಲವು ವರ್ಷಗಳಿಂದ' ಅಂತ ದಾಖಲಾಯಿತು. ಕೆಳಗೆ ಚಿಕ್ಕಪ್ಪ ಸಹಿ ಹಾಕಿದರು. ಈ ಇಡೀ ಪ್ರಕರಣದಲ್ಲಿ ಅತಿ ದುಬಾರಿ ಮಾತು ಅದೇ. ಟೇಪಿಗೆ ಇವತ್ತು ನಿಂತಿರುವ ಗೋಡೆ ಸಿಗುತ್ತೆ. 2018ರಲ್ಲಿ ಆ ಗೋಡೆಯೊಳಗೆ ಯಾರಿದ್ದರು ಅನ್ನುವುದು ಸಿಗಲ್ಲ. ತೆರಿಗೆ ಕೇಳುವುದು ಮಾತ್ರ ಹಿಂದಿನ ವರ್ಷಗಳಿಗೂ ಸೇರಿಸಿ. ನಡುವಿನ ಜಾಗವನ್ನು ಮಾತಿನಿಂದಲೋ ಕಾಗದದಿಂದಲೋ ತುಂಬಲೇಬೇಕು. ನೀವು ಕಾಗದ ಕೊಡದಿದ್ದರೆ ನಿಮ್ಮ ಮಾತೇ ಅಲ್ಲಿ ಕೂರುತ್ತೆ.

ನೋಟಿಸ್ 2018-19ರಿಂದ 2022-23ರವರೆಗೆ ಐದೂ ವರ್ಷ ಮೇಲಿನ ಮನೆ ಬಾಡಿಗೆಗೆ ಇತ್ತು ಅಂತ ಹಿಡಿದುಕೊಂಡೇ ಬಂತು. ಶೀಟಿನ ಕೋಣೆಯೂ ಆರ್‌ಸಿಸಿ ದರದಲ್ಲಿ ಕೂತಿತ್ತು.

ಲೆಕ್ಕ ಬಿಡಿಸಿ ನೋಡೋಣ. ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಅಂತ ಸ್ವಲ್ಪ ಕಳೆಯುತ್ತಾರೆ. ವಿಷಯ ಸಲೀಸಾಗಿ ಕಾಣಲಿ ಅಂತ ಅದನ್ನೂ ಏಪ್ರಿಲ್ ರಿಯಾಯಿತಿಯನ್ನೂ ಇಲ್ಲಿ ಬಿಟ್ಟಿದ್ದೇನೆ. ಶೀಟಿನ ಕೋಣೆಯದು ಚಿಲ್ಲರೆ ಬಾಬತ್ತು, ಅದೂ ಪಕ್ಕಕ್ಕಿರಲಿ.

ಚಿಕ್ಕಪ್ಪನ ಘೋಷಣೆ: 1,400 ಚದರಡಿ, 1.60 ರೂಪಾಯಿ, ವರ್ಷಕ್ಕೆ 12ರ ಬದಲು 10 ತಿಂಗಳು. 22,400 ರೂಪಾಯಿ. ಅದರಲ್ಲಿ ಶೇ 20 ತೆರಿಗೆ, 4,480. ತೆರಿಗೆಯ ಮೇಲೆ ಶೇ 24 ಸೆಸ್, ಅಂದರೆ ಉಪಕರ (ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3), 1,075. ಒಟ್ಟು 5,555. 2016ರ ಶೇ 20 ಏರಿಕೆ ಸೇರಿಸಿದರೆ 6,666 ರೂಪಾಯಿ.

ನೋಟಿಸಿನ ಲೆಕ್ಕ: ಕೆಳಗೆ 820 ಚದರಡಿ 1.60ರಂತೆ, ಮೇಲೆ 860 ಚದರಡಿ 3.20ರಂತೆ. 10 ತಿಂಗಳಿಗೆ 13,120 ಮತ್ತು 27,520, ಕೂಡಿದರೆ 40,640. ತೆರಿಗೆ 8,128, ಸೆಸ್ 1,951, ಒಟ್ಟು 10,079. ಏರಿಕೆ ಸೇರಿ 12,094.

ವರ್ಷಕ್ಕೆ ವ್ಯತ್ಯಾಸ 5,428 ರೂಪಾಯಿ. ಐದು ವರ್ಷಕ್ಕೆ ಸುಮಾರು 27,140. ಇಷ್ಟೇ ಆಗಿದ್ದರೆ ಚಿಕ್ಕಪ್ಪ ಬೈದುಕೊಂಡು ಕಟ್ಟಿಬಿಡುತ್ತಿದ್ದರು. ಆದರೆ ಕಟ್ಟಿದ್ದಕ್ಕಿಂತ ಶೇ 5ಕ್ಕೂ ಜಾಸ್ತಿ ವ್ಯತ್ಯಾಸ ಬಂದರೆ ಆಗಿನ ನಿಯಮದಲ್ಲಿ ಎರಡು ಪಟ್ಟು ದಂಡ. ಅಂದರೆ ಇನ್ನೂ 54,280. ಎರಡೂ ಸೇರಿ 81,420. ತಿಂಗಳಿಗೆ ಶೇ 2ರ ಬಡ್ಡಿ ಬೇರೆ. ಚಿಕ್ಕಮ್ಮ ನೋಟಿಸ್ ಓದಿ, "ಮೂರು ವರ್ಷ ಬಾಡಿಗೆ ತಗೊಂಡಿದ್ದು ಇದಕ್ಕೇನಾ?" ಅಂದರು.

ನೋಟಿಸ್ ಬಂದ ಮೇಲೆ 30 ದಿನ ಟೈಮ್ ಇರುತ್ತೆ. ದುಡ್ಡು ಕಟ್ಟಬಹುದು, ಇಲ್ಲ ಆಕ್ಷೇಪಣೆ ಹಾಕಬಹುದು. ನಮ್ಮ ಜನ ಈ 30 ದಿನವನ್ನು ಪರಿಚಯದವರನ್ನು ಹುಡುಕೋದರಲ್ಲೇ ಕಳೆದುಬಿಡುತ್ತಾರೆ. 'ಯಾರೋ ಗೊತ್ತಿದ್ದಾರೆ, ಮಾತಾಡ್ತೀನಿ ಅಂದಿದ್ದಾರೆ' ಅನ್ನುವಷ್ಟರಲ್ಲಿ ದಿನ ಮುಗಿದು ನೋಟಿಸಿನ ಮೊತ್ತವೇ ಕಾಯಂ. ಚಿಕ್ಕಪ್ಪನಿಗೂ ಅಂಥ ಸಲಹೆ ಬೇಕಾದಷ್ಟು ಬಂತು. ನಾವು ಅದನ್ನೆಲ್ಲ ಬಿಟ್ಟು ಕಾಗದ ಹುಡುಕೋಕೆ ಕೂತೆವು.

ಮೊದಲು ತೀರ್ಮಾನ ಮಾಡಿದ್ದು ಯಾವುದನ್ನು ಕೇಳಬಾರದು ಅಂತ. ಗೋಡೆ, ಬಾಲ್ಕನಿ ವಿಷಯದಲ್ಲಿ ನಿಯಮ ಅವರ ಕಡೆ ಇತ್ತು. ಅದನ್ನೂ ಜಗ್ಗಾಡಿದರೆ ಸರಿ ಇರುವ ವಾದಕ್ಕೂ ಬೆಲೆ ಹೋಗುತ್ತೆ. ಚಿಕ್ಕಪ್ಪ ಇದಕ್ಕೆ ಸುಲಭಕ್ಕೆ ಒಪ್ಪಲಿಲ್ಲ, ಎರಡು ದಿನ ಮುಖ ಊದಿಸಿಕೊಂಡಿದ್ದರು. ಕೊನೆಗೆ ಅಳತೆಯನ್ನು ಒಪ್ಪಿಕೊಂಡಿದ್ದೇವೆ ಅಂತ ಆಕ್ಷೇಪಣೆಯ ಮೊದಲ ಸಾಲಿನಲ್ಲೇ ಬರೆದೆವು.

ತಕರಾರು ಎರಡೇ. ಒಂದು, ಬಾಡಿಗೆ ಶುರುವಾದದ್ದು 2020ರ ಏಪ್ರಿಲ್‌ನಲ್ಲಿ. ಅದಕ್ಕೆ ಹಿಂದಿನ ಎರಡು ವರ್ಷ ಮೇಲೆ ಇದ್ದವನು ಸ್ವಂತ ಮಗ. ಇದಕ್ಕೆ ಬಾಡಿಗೆ ಕರಾರು ಇತ್ತು. ಇ-ಸ್ಟಾಂಪ್ ಕಾಗದ, ತೆಗೆದ ದಿನಾಂಕ ಅದರ ಮೇಲೇ ಅಚ್ಚಾಗಿರುತ್ತೆ. ಆಮೇಲೆ ಬೇಕು ಅಂದರೂ ಹಿಂದಿನ ತಾರೀಕಿಗೆ ಹುಟ್ಟಿಸೋಕೆ ಬರಲ್ಲ. ಆದರೆ ಕರಾರು ಒಂದೇ ಸಾಲದು. ಈ ಬಾಡಿಗೆಯವರು 2020ರಲ್ಲಿ ಬಂದರು ಅಂತ ಅದು ಹೇಳುತ್ತೆ. ಅವರಿಗಿಂತ ಮುಂಚೆ ಬೇರೆ ಬಾಡಿಗೆಯವರು ಇರಲಿಲ್ಲ ಅಂತ ಹೇಳಲ್ಲ, ಅಲ್ವಾ? ಎರಡನೇ ಮೀಟರ್ ಬೇರೆ ಇದೆ. ಅಧಿಕಾರಿ ಕಣ್ಣಿಗೆ ಎರಡು ಮೀಟರ್ ಅಂದರೆ ಎರಡು ಸಂಸಾರ. ಅದಕ್ಕೆ ಮಗನ ಹೆಸರಿನಲ್ಲಿ ಮೇಲಿನ ಮನೆ ವಿಳಾಸಕ್ಕೆ ಇದ್ದ ಗ್ಯಾಸ್ ಪುಸ್ತಕ, ಅದೇ ವಿಳಾಸಕ್ಕೆ ಬರುತ್ತಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ಪುಣೆಗೆ ವರ್ಗ ಆದ ಪತ್ರ ಎಲ್ಲ ಜೋಡಿಸಿದೆವು. ಚಿಕ್ಕಪ್ಪನ ಆದಾಯ ತೆರಿಗೆ ರಿಟರ್ನ್‌ನಲ್ಲಿ ಬಾಡಿಗೆ ಆದಾಯ ಕಾಣಿಸಿಕೊಂಡದ್ದೂ 2020-21ರಿಂದಲೇ. ನನ್ನ ಪ್ರಕಾರ ಜಾಸ್ತಿ ತೂಕ ಬಂದದ್ದು ಅದಕ್ಕೆ. ಕಂದಾಯದ ನೋಟಿಸ್ ಬರುತ್ತೆ ಅಂತ ಗೊತ್ತಾಗುವ ಎಷ್ಟೋ ಮುಂಚೆ ಸಲ್ಲಿಸಿದ ಕಾಗದ ಅದು.

ಎರಡು, ಶೀಟಿನ ಕೋಣೆ. ಹೆಂಚು, ಶೀಟಿನ ಛಾವಣಿಗೆ ಆರ್‌ಸಿಸಿಗಿಂತ ಕಡಿಮೆ ದರದ ಬೇರೆ ವರ್ಗವೇ ಇದೆ. ಫೋಟೋ ಹಾಕಿದೆವು. ಕಟ್ಟಿದ್ದು ಯಾವಾಗ ಅನ್ನೋದಕ್ಕೆ ಫ್ಯಾಬ್ರಿಕೇಶನ್ ಅಂಗಡಿಯ ಬಿಲ್ ಇತ್ತು, 2021ರದು.

ಆಕ್ಷೇಪಣೆ ಎರಡು ಪ್ರತಿ. ಒಂದನ್ನು ಸಹಾಯಕ ಕಂದಾಯ ಅಧಿಕಾರಿಯ ಕಚೇರಿಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬಂದೆವು. ಆ ಸೀಲು ಇಲ್ಲದಿದ್ದರೆ 30 ದಿನದ ಒಳಗೆ ಕೊಟ್ಟಿದ್ದೀರಿ ಅನ್ನೋದಕ್ಕೆ ಸಾಕ್ಷಿ ಇಲ್ಲ. ಅಳತೆ ಹಾಳೆಯ ನಕಲನ್ನೂ ಅದೇ ದಿನ ಕೇಳಿ ಪಡೆದೆವು. ಅದನ್ನು ಪರಿಶೀಲನೆ ದಿನವೇ ಕೇಳಬೇಕಿತ್ತು, ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿದ್ದರೂ ಸಾಕಿತ್ತು.

ವಿಚಾರಣೆ ಅಂದರೆ ಕೋರ್ಟಿನ ಹಾಗೆ ಏನಿಲ್ಲ. ಮೇಜಿನ ಆಚೆ ಅಧಿಕಾರಿ, ಈಚೆ ಚಿಕ್ಕಪ್ಪ. "ನೀವೇ ಹಲವು ವರ್ಷ ಅಂತ ಸಹಿ ಹಾಕಿದ್ದೀರಲ್ಲ" ಅನ್ನುವ ಪ್ರಶ್ನೆ ಮೊದಲೇ ಬಂತು. ಚಿಕ್ಕಪ್ಪ ಉತ್ತರ ಕೊಡುವ ಬದಲು ಕರಾರಿನ ಮೇಲಿನ ತಾರೀಕಿಗೆ ಬೆರಳಿಟ್ಟು ತೋರಿಸಿದರು. ನಿರೀಕ್ಷಕಿ ಇನ್ನೊಂದು ಸಲ ಬಂದು ಶೀಟಿನ ಕೋಣೆ ನೋಡಿಕೊಂಡು ಹೋದರು.

ಆದೇಶ ಕೈಗೆ ಬರುವಷ್ಟರಲ್ಲಿ 2024 ಬಂದಿತ್ತು. ಎರಡೂ ತಕರಾರು ಒಪ್ಪಿದ್ದರು. ಮೊದಲ ಎರಡು ವರ್ಷಕ್ಕೆ ಎರಡೂ ಮನೆ ಸ್ವಂತ ವಾಸ, ಆದರೆ ವಿಸ್ತೀರ್ಣ 1,680. ಆ ಲೆಕ್ಕಕ್ಕೆ ವರ್ಷದ ತೆರಿಗೆ 7,999, ವ್ಯತ್ಯಾಸ 1,333. ಇದೂ ಶೇ 5 ದಾಟಿದ್ದರಿಂದ ದಂಡ ತಪ್ಪಲಿಲ್ಲ. ಉಳಿದ ಮೂರು ವರ್ಷಕ್ಕೆ ನೋಟಿಸಿನ 5,428 ಹಾಗೇ. ಒಟ್ಟು ವ್ಯತ್ಯಾಸ 27,140ರಿಂದ 18,950ರ ಆಸುಪಾಸಿಗೆ ಇಳಿಯಿತು. ನೋಡೋಕೆ ಎಂಟು ಸಾವಿರ ಅಷ್ಟೇ. ಆದರೆ ದಂಡ ಇದರ ಮೇಲೇ ಗುಣಿಸಿಕೊಂಡು ಹೋಗೋದರಿಂದ ಇಲ್ಲಿ ಕಮ್ಮಿಯಾದ ಒಂದೊಂದು ರೂಪಾಯಿಯೂ ಮುಂದೆ ಮೂರು ರೂಪಾಯಿ ಉಳಿಸುತ್ತೆ.

ಅಷ್ಟರಲ್ಲಿ ಒಂದು ಅದೃಷ್ಟವೂ ಬಂತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಒಂದು ಬಾರಿ ಪರಿಹಾರ ಯೋಜನೆ ಮಾಡಿದರು. ಎರಡು ಪಟ್ಟು ದಂಡ ಒಂದು ಪಟ್ಟಿಗೆ ಇಳಿಯಿತು, ಬಡ್ಡಿ ಮನ್ನಾ. ಗಡುವು ಮುಂದಕ್ಕೆ ಹೋಗುತ್ತಾ ನವೆಂಬರ್ 30ಕ್ಕೆ ನಿಂತಿತು. ಚಿಕ್ಕಪ್ಪ 18,950 ವ್ಯತ್ಯಾಸ, ಅಷ್ಟೇ ದಂಡ, ಸುಮಾರು 37,900 ರೂಪಾಯಿ, ಜತೆಗೆ ಶೀಟಿನ ಕೋಣೆಯ ಸಣ್ಣ ಬಾಬತ್ತು ಕಟ್ಟಿ ಚುಕ್ತಾ ಮಾಡಿದರು. ಯೋಜನೆ ಇಲ್ಲದಿದ್ದರೆ ಆಕ್ಷೇಪಣೆ ಗೆದ್ದ ಮೇಲೂ 56,850 ಮತ್ತು ಬಡ್ಡಿ ಆಗುತ್ತಿತ್ತು. ಇಂಥ ಯೋಜನೆಗಳ ಬಗ್ಗೆ ನನಗೆ ಅಷ್ಟೇನೂ ಒಳ್ಳೆ ಅಭಿಪ್ರಾಯ ಇಲ್ಲ. ಟೈಮಿಗೆ ಸರಿಯಾಗಿ ಕಟ್ಟಿದವನು ಪೆದ್ದ ಅನ್ನಿಸಿಬಿಡುತ್ತೆ. ಆದರೆ ಎರಡು ಪಟ್ಟು ದಂಡವೂ ಅತಿಯೇ. ಬೇಕಂತಲೇ ಇಡೀ ಶಾಪಿಂಗ್ ಮಾಲನ್ನೇ ಮುಚ್ಚಿಟ್ಟವನಿಗೂ ಬಾಲ್ಕನಿ ಬಿಟ್ಟವನಿಗೂ ಒಂದೇ ಅಳತೆ ಯಾಕೆ?

ಬೇರೆ ಊರಿನವರು ಈ ಲೆಕ್ಕವನ್ನು ಹಾಗೇ ತಮ್ಮ ಮನೆಗೆ ಹಾಕಿಕೊಳ್ಳಬೇಡಿ. ಬೆಂಗಳೂರು ಬಿಟ್ಟರೆ ರಾಜ್ಯದ ನಗರ, ಪಟ್ಟಣಗಳಲ್ಲಿ ತೆರಿಗೆ ನಿಲ್ಲುವುದು ಮಾರ್ಗಸೂಚಿ ದರದಿಂದ ಬರುವ ಆಸ್ತಿ ಮೌಲ್ಯದ ಮೇಲೆ. ಅಲ್ಲಿ ಅಳತೆ ಮತ್ತು ವಾಸವೋ ವಾಣಿಜ್ಯವೋ ಅನ್ನುವುದಕ್ಕೆ ಜಾಸ್ತಿ ಬೆಲೆ. ಬೆಂಗಳೂರಲ್ಲೂ ಹೆಸರು, ಬೋರ್ಡು ಬದಲಾಗಿವೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದಿವೆ. ಕಸದ ಶುಲ್ಕವೂ ಕಂದಾಯದ ಜತೆಗೇ ಸೇರಿದೆ. ಹೀಗಾಗಿ ಈಗ ಕಟ್ಟುವ ಮೊತ್ತ ಮೇಲಿನ ಲೆಕ್ಕಕ್ಕಿಂತ ಬೇರೆ ಇರುತ್ತೆ.

ಚಿಕ್ಕಪ್ಪ 2024ರ ಏಪ್ರಿಲ್‌ನಲ್ಲೇ ಫಾರಂ 5 ಹಾಕಿದ್ದರು. 1,680 ಚದರಡಿ, ಮೇಲಿನದು ಬಾಡಿಗೆ, ಶೀಟಿನ ಕೋಣೆ ಬೇರೆ ಸಾಲಿನಲ್ಲಿ. ಮಗ ವಾಪಸ್ ಬರುವ ಮಾತಾಡುತ್ತಿದ್ದಾನೆ. ಬಂದರೆ ಮೇಲಿನ ಮನೆ ಮತ್ತೆ ಸ್ವಂತ ವಾಸ, ಮತ್ತೆ ಫಾರಂ 5, ತೆರಿಗೆಯೂ ಇಳಿಯುತ್ತೆ. ಬಾಡಿಗೆಯವರು ಖಾಲಿ ಮಾಡುವ ದಿನ ಅಡ್ವಾನ್ಸ್ ವಾಪಸ್ ಕೊಟ್ಟದ್ದಕ್ಕೆ ತಾರೀಕು ಹಾಕಿ ಸಹಿ ಮಾಡಿಸಿಕೊಳ್ಳಬೇಕು ಅಂತ ಚಿಕ್ಕಮ್ಮ ಈಗಲೇ ಹೇಳಿಟ್ಟಿದ್ದಾರೆ. ದುಡ್ಡನ್ನೂ ಕೈಯಲ್ಲಿ ಕೊಡಬೇಡಿ, ಬ್ಯಾಂಕಿನಿಂದಲೇ ಹಾಕಿ ಅಂತಲೂ.